ಪಳಗಬೇಕಾದದ್ದು ನಳಿಗೆಯಲ್ಲ

ಹೊಸ ದೋಸೆ ಕಾವಲಿಯನ್ನು ಪಳಗಿಸದೆ ಹಿಟ್ಟು ಹುಯ್ದರೆ ದೋಸೆ ಮೇಲೇಳುವುದಿಲ್ಲ. ಹೊಸ ರೈಫಲ್ಲಿನ ನಳಿಗೆಯನ್ನೂ ಹಾಗೆಯೇ ಪಳಗಿಸಬೇಕೆಂಬ ನಂಬಿಕೆ ಕೋವಿ ಹಿಡಿದವರಲ್ಲಿದೆ. ಒಂದು ಗುಂಡು ಹಾರಿಸುವುದು, ನಳಿಗೆ ಶುಚಿ ಮಾಡುವುದು. ಹೀಗೆ ಹತ್ತು ಸಲ. ಆಮೇಲೆ ಮೂರು ಗುಂಡಿಗೊಮ್ಮೆ, ಐದಕ್ಕೊಮ್ಮೆ. ವ್ರತ ಮುಗಿಯುವಷ್ಟರಲ್ಲಿ ಮೂವತ್ತು ನಲವತ್ತು ಕಾಡತೂಸು ಖಾಲಿ. ಮುಂಬಯಿಯಲ್ಲಿ ಗುರಿ ಕಲಿಯುವವರಿಗೆ ಈ ವ್ರತ ಬೇಡ ಎಂಬುದು ನನ್ನ ಅಭಿಪ್ರಾಯ.

ನಂಬಿಕೆಯ ಹಿಂದೆ ಒಂದು ಕಾರಣವೇನೋ ಇದೆ. ಗುಂಡು ಕೂರುವ ಮನೆಯನ್ನು ಕೊರೆಯುವಾಗ ನಳಿಗೆಯ ಕೊರಳಿನಲ್ಲಿ ಸಣ್ಣ ಅಡ್ಡಗೀರುಗಳು ಉಳಿಯುತ್ತವೆ. ಅವು ಗುಂಡಿನ ತಾಮ್ರದ ಕವಚವನ್ನು ಕೆರೆಯುತ್ತವೆ, ಕೆರೆದ ತಾಮ್ರ ನಳಿಗೆಯ ಒಳಗೆಲ್ಲ ಅಂಟುತ್ತದೆ. ಮೊದಲ ಗುಂಡುಗಳು ಆ ಗೀರುಗಳನ್ನು ಸವೆಸುತ್ತವೆ, ನಿಜ. ಆದರೆ ಆ ಕೆಲಸ ಮಾಡುವುದು ಗುಂಡು. ನಡುನಡುವೆ ಉಜ್ಜುವ ಕುಂಚವಲ್ಲ. ಅಮೆರಿಕದ ಹೆಸರಾಂತ ನಳಿಗೆ ತಯಾರಕ ಗೇಲ್ ಮೆಕ್‌ಮಿಲನ್ ಈ ಪದ್ಧತಿಯನ್ನು ಬಹಿರಂಗವಾಗಿಯೇ ವಿರೋಧಿಸಿದವರು. ಪ್ರತಿ ಗುಂಡೂ ನಳಿಗೆಯ ಆಯುಷ್ಯದಲ್ಲೇ ಕಳೆಯುವ ಲೆಕ್ಕ ಎಂಬುದು ಅವರ ವಾದ.

ಲಿವರ್ ಎಳೆದು ಹಾರಿಸುವ ರೈಫಲ್ಲಿನಲ್ಲಿ ಈ ವ್ರತ ಕೆಡುಕನ್ನೇ ಮಾಡಬಹುದು. ಜಾನ್ ಬ್ರೌನಿಂಗ್ ರೂಪಿಸಿದ 1894ರ ವಿಂಚೆಸ್ಟರ್‌ನಂಥ ಕೋವಿಗೆ ಹಿಂದಿನಿಂದ ಕೋಲು ತೂರಿಸಲಾಗುವುದಿಲ್ಲ, ಬಾಯಿಯಿಂದಲೇ ಹಾಕಬೇಕು. ಗುಂಡು ನಳಿಗೆಯನ್ನು ಬಿಡುವ ಕೊನೆಯ ಜಾಗ ಅದು. ಕೋಲು ಅಲ್ಲಿ ಮತ್ತೆ ಮತ್ತೆ ಉಜ್ಜಿದರೆ ಅಂಚು ಸವೆದು ಗುರಿ ಕೆಡುತ್ತದೆ. ಮಾರ್ಲಿನ್ 336ರಲ್ಲಿ ಒಂದು ತಿರುಪು ಬಿಚ್ಚಿ ಲಿವರ್ ಮತ್ತು ಬೋಲ್ಟ್ ತೆಗೆದರೆ ಹಿಂದಿನಿಂದಲೇ ಶುಚಿ ಮಾಡಬಹುದು.

ಅಂಥ ಕೋವಿಗಳು ನಮ್ಮಲ್ಲಿ ಅಪರೂಪ. ವರ್ಲಿಯ ಮಹಾರಾಷ್ಟ್ರ ರೈಫಲ್ ಅಸೋಸಿಯೇಶನ್ನಿನಂಥ ರೇಂಜುಗಳಲ್ಲಿ ಹೊಸಬರ ಕೈಗೆ ಬರುವುದು ಏರ್ ರೈಫಲ್, ಇಲ್ಲವೇ .22. ಸ್ಪರ್ಧೆಯ .22 ಗುಂಡು ಮೇಣ ಸವರಿದ ಬರಿಯ ಸೀಸ. ತಾಮ್ರದ ಕವಚವೇ ಇಲ್ಲ. ಆ ಮೇಣದ ತೆಳುಪದರ ಒಳಗೆ ಕೂತ ಮೇಲೆಯೇ ಗುಂಡುಗಳು ಒಂದೆಡೆ ಬೀಳತೊಡಗುತ್ತವೆ. ಕಾವಲಿಯ ಹೋಲಿಕೆ ನಿಜವಾಗಿ ಒಪ್ಪುವುದು ಇಲ್ಲಿ. ಗುಂಡಿಗೊಮ್ಮೆ ಉಜ್ಜುವುದೆಂದರೆ ದೋಸೆಗೊಮ್ಮೆ ಕಾವಲಿಯನ್ನು ಸೋಪು ಹಾಕಿ ತಿಕ್ಕಿದಂತೆ. ಅದೂ, ವರ್ಷಕ್ಕೆ ಎಷ್ಟು ಕಾಡತೂಸು ಎಂದು ಪರವಾನಗಿಯಲ್ಲೇ ಬರೆದಿರುವ, ಒಳ್ಳೆಯ ಕಾಡತೂಸಿಗೆ ಆಮದನ್ನೇ ನೆಚ್ಚಿದ ದೇಶದಲ್ಲಿ!

ಹಾಗಾದರೆ ಮಾಡಬೇಕಾದದ್ದೇನು? ಮೊದಲ ಗುಂಡಿಗೆ ಮುನ್ನ ಕಾರ್ಖಾನೆಯ ಗ್ರೀಸು, ಲೋಹದ ಪುಡಿ ತೆಗೆಯಬೇಕು. ತಾಮ್ರದ ಕವಚದ ಗುಂಡಾದರೆ, ಶುಚಿ ಮಾಡಿದ ಬಟ್ಟೆ ಗಾಢ ನೀಲಿಯಾಗಿ ಹೊರಬಂದಾಗ ಇನ್ನಷ್ಟು ಶುಚಿ ಮಾಡಿದರಾಯಿತು. ಮುಂಬಯಿಯಲ್ಲಿ ನಳಿಗೆಯ ನಿಜವಾದ ಶತ್ರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ಮತ್ತು ಕಡಲಿನ ಉಪ್ಪುಗಾಳಿ. ಮಳೆಗಾಲದಲ್ಲಿ ರೈಫಲ್ಲನ್ನು ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ತುಕ್ಕನ್ನು ಕರೆದು ಕೂರಿಸಿದಂತೆ. ತೆಳುವಾಗಿ ಎಣ್ಣೆ ಸವರಿ ಗಾಳಿಯಾಡುವಂತೆ ಬೀಗದ ಕಪಾಟಿನಲ್ಲಿಡಿ, ಜೊತೆಗೆ ಸಿಲಿಕಾ ಜೆಲ್ ಇರಲಿ. ಹಾರಿಸುವ ಮುನ್ನ ಎಣ್ಣೆ ಒರೆಸಿ.

ಆಚರಣೆಗಳ ಬಗ್ಗೆ ನನಗೆ ತಕರಾರಿಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದಿನ ದಿನ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಅದರಿಂದ ಗುರಿ ನೆಟ್ಟಗಾಗುತ್ತದೆಂದು ಯಾರೂ ಹೇಳುವುದಿಲ್ಲ, ಅದು ಗೌರವ. ನಳಿಗೆ ಪಳಗಿಸುವ ವ್ರತ ಮಾತ್ರ ವಿಜ್ಞಾನದ ವೇಷ ಹಾಕಿ ಬರುತ್ತದೆ. ತಕರಾರು ಆ ವೇಷದ ಬಗ್ಗೆ.

ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ, ಮುಂದೆ ಪನ್ವೇಲಿನಲ್ಲಿ ತರಬೇತಿ ಕೇಂದ್ರ ಕಟ್ಟಿದ ಸುಮಾ ಶಿರೂರ್, 2004ರ ಏಷ್ಯನ್ ಚಾಂಪಿಯನ್‌ಶಿಪ್ಪಿನ 10 ಮೀಟರ್ ಏರ್ ರೈಫಲ್ಲಿನಲ್ಲಿ 400ಕ್ಕೆ 400 ಅಂಕ ಪಡೆದರು. ನಲವತ್ತು ಗುಂಡು, ನಲವತ್ತೂ ಹತ್ತರ ವೃತ್ತದಲ್ಲಿ. ಹೊಸ ಹುಡುಗಿಯೊಬ್ಬಳ ಕೈಯಲ್ಲಿ ನಲವತ್ತು ಕಾಡತೂಸು ಇದ್ದರೆ, ಅವು ಅವಳ ಉಸಿರು, ಭುಜ, ಬೆರಳುಗಳನ್ನು ಪಳಗಿಸಲಿ. ನಳಿಗೆ ತಾನಾಗಿ ಪಳಗುತ್ತದೆ.