ಕೇದಾರದ ದಾರಿಯಲ್ಲೊಂದು ಕನ್ನಡದ ನಂಟು
ಮಸ್ಸೂರಿಯ ಮಾಲ್ ರಸ್ತೆಗೆ ಒಂದು ಸಂಜೆ ಸಾಕು. ಕೇದಾರಕ್ಕೆ ಮಾತ್ರ ಅವಸರ ಸಲ್ಲದು. ಗೌರಿಕುಂಡದಿಂದ ಸುಮಾರು 16 ಕಿಲೋಮೀಟರ್ ಏರುದಾರಿ, ತುದಿಯಲ್ಲಿ 3,500 ಮೀಟರಿಗೂ ಮಿಕ್ಕ ಎತ್ತರ; ಉಸಿರು ಕಟ್ಟುತ್ತದೆ, ನಿಂತು ನಿಂತು ಹತ್ತಬೇಕು. 2013ರ ಜೂನ್ ಪ್ರವಾಹ ಈ ದಾರಿಯ ರಾಮಬಾಡಾ ಎಂಬ ತಂಗುದಾಣವನ್ನೇ ಅಳಿಸಿಹಾಕಿತು. ಅದೇ ನೀರು ಹೊತ್ತು ತಂದ ಹೆಬ್ಬಂಡೆಯೊಂದು ಗುಡಿಯ ಬೆನ್ನಿಗೆ ನಿಂತು ಪ್ರವಾಹವನ್ನು ಇಬ್ಭಾಗ ಮಾಡಿತು. ಆ ಬಂಡೆಯ ಮುಂದೆ ಮಾತು ಹೊರಡುವುದಿಲ್ಲ. ಇಳಿಯುವಾಗ ಊಖೀಮಠದಲ್ಲಿ ಒಂದು ರಾತ್ರಿಯಾದರೂ ತಂಗಿ. ಚಳಿಗಾಲದಲ್ಲಿ ಕೇದಾರನಾಥನ ಉತ್ಸವಮೂರ್ತಿಗೆ ಪೂಜೆ ನಡೆಯುವುದು ಅಲ್ಲಿನ ಓಂಕಾರೇಶ್ವರ ಗುಡಿಯಲ್ಲಿ. ವೀರಶೈವ ಪಂಚಪೀಠಗಳಲ್ಲಿ ಒಂದು ಇರುವುದೂ ಅಲ್ಲೇ. ಕೇದಾರದ ಮುಖ್ಯ ಅರ್ಚಕರಾದ ರಾವಲರು ಆ ಪರಂಪರೆಯವರು. ಅದೇ ಪಂಚಪೀಠಗಳಲ್ಲೊಂದಾದ ನಮ್ಮ ಕರ್ನಾಟಕದ ರಂಭಾಪುರಿ ಎಲ್ಲಿ, ಹಿಮಾಲಯ ಎಲ್ಲಿ! ನಮ್ಮ ಟೂರ್ ಬಸ್ಸುಗಳು ಊಖೀಮಠದಲ್ಲಿ ಚಹಾಕ್ಕೂ ನಿಲ್ಲದೆ ಓಡುವುದು ನನಗೆ ನಿಜಕ್ಕೂ ನೋವು ತರುತ್ತದೆ.