ಕುರ್ಚಿ ಪರೀಕ್ಷೆ

ಮಕ್ಕಳೇ, ಈ ಭಾನುವಾರ ನಿಮ್ಮ ಅಜ್ಜ-ಅಜ್ಜಿಗೆ ಒಂದು ಪುಟ್ಟ ಪರೀಕ್ಷೆ ಇಡಿ. ನೀವೇ ಮೇಷ್ಟ್ರು. ಕೈ ಇಲ್ಲದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ತಾಗಿಸಿ ಇಡಿ. ಅಜ್ಜ ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕೂರಲಿ. ನೀವು ‘ಶುರು’ ಅಂದ ಕೂಡಲೇ ಪೂರ್ತಿ ಎದ್ದು ನಿಂತು ಮತ್ತೆ ಕೂರಬೇಕು. ಹೀಗೆ ಐದು ಸಲ. ನೀವು ಗಡಿಯಾರ ನೋಡಿ ಸೆಕೆಂಡು ಎಣಿಸಿ. ದೊಡ್ಡವರೊಬ್ಬರು ಪಕ್ಕದಲ್ಲೇ ನಿಂತಿರಲಿ. ಮಂಡಿನೋವು, ತಲೆಸುತ್ತು ಇರುವವರಿಗೆ ಈ ಪರೀಕ್ಷೆಯಿಂದ ರಜೆ.

ಏಷ್ಯಾದ ತಜ್ಞ ವೈದ್ಯರು 2019ರಲ್ಲಿ ಇದಕ್ಕೊಂದು ಅಳತೆ ಗೊತ್ತುಮಾಡಿದ್ದಾರೆ. 12 ಸೆಕೆಂಡಿನ ಒಳಗೆ ಮುಗಿದರೆ ಪಾಸು. 12 ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಸ್ನಾಯು ಸೊರಗುತ್ತಿರಬಹುದು. ಡಾಕ್ಟರಿಗೆ ಹೇಳುವುದು ಒಳ್ಳೆಯದು.

ಹೆಬ್ಬಾಳ, ಜಕ್ಕೂರು, ಯಲಹಂಕ ಕೆರೆಗಳ ಸುತ್ತ ಬೆಳಗಿನ ಹೊತ್ತು ನನ್ನ ವಯಸ್ಸಿನವರೇ ಹೆಚ್ಚು. ‘ದಿನಾ ವಾಕಿಂಗ್ ಮಾಡ್ತೀನಲ್ಲ, ಇನ್ನೇನು ಬೇಕು?’ ಅನ್ನುತ್ತಾರೆ. ನಡಿಗೆ ಹೃದಯಕ್ಕೆ, ಉಸಿರಿಗೆ ಒಳ್ಳೆಯದು, ಬಿಡಬೇಡಿ. ಆದರೆ ಸಮತಟ್ಟು ದಾರಿಯಲ್ಲಿ ನಡೆದರೆ ತೊಡೆಗೆ ಹೆಚ್ಚು ಭಾರ ಬೀಳುವುದಿಲ್ಲ. ಬಿಎಂಟಿಸಿ ಬಸ್ಸಿನ ಮೆಟ್ಟಿಲು ಹತ್ತುವಾಗ ಇಡೀ ಮೈಯನ್ನು ಒಂದೇ ಕಾಲು ಎತ್ತಬೇಕು. ಬಚ್ಚಲಲ್ಲಿ ಜಾರಿದಾಗ ಸಾವರಿಸಿಕೊಳ್ಳಲೂ ಅದೇ ಬಲ ಬೇಕು. ಅದಿಲ್ಲದೆ ಬಿದ್ದು, ಸೊಂಟದ ಮೂಳೆ ಮುರಿದುಕೊಂಡು, ಮತ್ತೆ ಮೊದಲಿನ ಹಾಗೆ ಓಡಾಡಲಾಗದ ಹಿರಿಯರು ಎಷ್ಟೋ ಮಂದಿ.

ಸ್ನಾಯುಬಲ ಬ್ಯಾಂಕಿನ ಖಾತೆಯಿದ್ದ ಹಾಗೆ. ಖರ್ಚಾಗುವುದು ಬೇಗ, ಕೂಡಿಡುವುದು ನಿಧಾನ. ಆರೋಗ್ಯವಾಗಿದ್ದ ಕೆಲವು ಹಿರಿಯರನ್ನು ಅಮೆರಿಕದಲ್ಲಿ 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದರು. ಅಷ್ಟರಲ್ಲೇ ಕಾಲುಗಳ ಸ್ನಾಯು ಸುಮಾರು 1 ಕಿಲೋ ಕರಗಿತ್ತು. ಈ ವರದಿ ಬಂದದ್ದು 2007ರಲ್ಲಿ. ಹಾಗಾಗಿ ಜ್ವರ ಬಿಟ್ಟ ಮೇಲೂ ‘ಇನ್ನೊಂದು ವಾರ ಮಲಗಿರಿ’ ಅನ್ನುವ ಉಪಚಾರ ಬೇಡ. ಡಾಕ್ಟರು ಒಪ್ಪಿದ ದಿನವೇ ಎದ್ದು ಓಡಾಡಬೇಕು.

ಕಳೆದದ್ದು ಮತ್ತೆ ಬರುತ್ತದೆಯೇ? ಬರುತ್ತದೆ. ಬಾಸ್ಟನ್ನಿನ ಹಿರಿಯರ ಆರೈಕೆ ಕೇಂದ್ರವೊಂದರಲ್ಲಿ 90ರ ಆಸುಪಾಸಿನ 10 ಮಂದಿಯಿಂದ 8 ವಾರ ಕಾಲಿನಲ್ಲಿ ಭಾರ ಎತ್ತಿಸಿದರು. ಒಂಬತ್ತು ಮಂದಿ ಪೂರ್ತಿ ಮಾಡಿದರು. ಅವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತ್ತು. ಲೆಕ್ಕ ಹಾಕಿ ಮಕ್ಕಳೇ: 10 ಕಿಲೋ ಎತ್ತುತ್ತಿದ್ದ ಕಾಲು 27 ಕಿಲೋ ದಾಟಿದ ಹಾಗಾಯಿತು! ಇದು 1990ರಲ್ಲೇ ಪ್ರಕಟವಾದ ಸಂಗತಿ.

ನಮ್ಮವರಲ್ಲೂ ಉದಾಹರಣೆಯಿದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯದಿಂದ ಬಡಕಲಾಗಿದ್ದವರು. ಮೈಸೂರಿನಲ್ಲಿ ಯೋಗ ಕಲಿತರು. 90 ದಾಟಿದ ಮೇಲೂ ಆಸನ ಬಿಡಲಿಲ್ಲ. 2014ರಲ್ಲಿ ತೀರಿಕೊಂಡಾಗ ಅವರಿಗೆ 95.

ನಾವು ಅಷ್ಟು ದೂರ ಹೋಗಬೇಕಿಲ್ಲ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕುರ್ಚಿಯಿಂದ 8-10 ಸಲ ಎದ್ದು ಕೂರುವುದು; ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು; ಒಂದು ಲೀಟರಿನ ನೀರಿನ ಬಾಟಲಿಯನ್ನು ಭುಜದ ತನಕ ಎತ್ತುವುದು. ಉಸಿರು ಬಿಗಿಹಿಡಿಯಬಾರದು. ಬಿ.ಪಿ., ಹೃದ್ರೋಗ ಇದ್ದವರು ಮೊದಲು ಡಾಕ್ಟರನ್ನು ಕೇಳಿ. ಊಟವೂ ಮುಖ್ಯ. ರಾತ್ರಿ ಬರೀ ಗಂಜಿ, ಮಜ್ಜಿಗೆ ಅನ್ನ ಸಾಲದು. ಬೇಳೆ, ಹೆಸರುಕಾಳು, ಹುರುಳಿ, ಮೊಸರು, ತಿನ್ನುವವರಿಗೆ ಮೊಟ್ಟೆ ಬೇಕು. ಕಿಡ್ನಿ ತೊಂದರೆ ಇದ್ದವರು ಮಾತ್ರ ವೈದ್ಯರು ಹೇಳಿದಷ್ಟೇ ತಿನ್ನಲಿ.

ಮಕ್ಕಳೇ, ‘ಅಜ್ಜಿ, ನೀವು ಕೂತಿರಿ, ನಾನು ತರ್ತೀನಿ’ ಅನ್ನುವುದು ಪ್ರೀತಿಯ ಮಾತು. ಆದರೆ ನೀರಿನ ಲೋಟದಿಂದ ಹಿಡಿದು ಎಲ್ಲವೂ ಕೂತಲ್ಲಿಗೇ ಬಂದರೆ ಅಜ್ಜಿಯ ಕಾಲಿಗೆ ಕೆಲಸವೇ ಉಳಿಯುವುದಿಲ್ಲ. ‘ಬನ್ನಿ ಅಜ್ಜಿ, ಇಬ್ಬರೂ ಹೋಗಿ ತರೋಣ’ ಅನ್ನಿ. ತರಕಾರಿ ಚೀಲ ಎರಡಾಗಲಿ, ಚಿಕ್ಕದು ಅವರ ಕೈಯಲ್ಲಿರಲಿ. ಇವತ್ತಿನ ಸೆಕೆಂಡುಗಳನ್ನು ತಾರೀಕು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡು ತಿಂಗಳ ನಂತರ ಮರುಪರೀಕ್ಷೆ ಇಟ್ಟು, ಅಂಕಪಟ್ಟಿಗೆ ನೀವೇ ಸಹಿ ಹಾಕಿ.