ಮೀಠಿಯ ದಡದ ಕುರ್ಲಾ

ಉಡುಪಿ, ಕುಂದಾಪುರಗಳ ಕಡೆಯಿಂದ ಮತ್ಸ್ಯಗಂಧಾ ರೈಲಿನಲ್ಲಿ ಬರುವ ನಮ್ಮವರನೇಕರು ಮುಂಬಯಿಯ ನೆಲದ ಮೇಲೆ ಮೊದಲು ಕಾಲಿಡುವುದು ಕುರ್ಲಾದ ಲೋಕಮಾನ್ಯ ತಿಲಕ ಟರ್ಮಿನಸ್ಸಿನಲ್ಲಿಯೇ ಆದರೂ, ಗಂಟುಮೂಟೆಗಳನ್ನೆತ್ತಿಕೊಂಡು ರಿಕ್ಷಾ ಹಿಡಿಯುವ ಆತುರದಲ್ಲಿ, ಈ ಊರಿಗೂ ಒಂದು ಚರಿತ್ರೆಯುಂಟು, ಒಂದು ನದಿಯುಂಟು ಎಂಬುದನ್ನು ನೆನೆಯುವವರು ವಿರಳ. ನದಿಯನ್ನು ಮರೆತುದಕ್ಕೆ ಈ ಊರು ಒಮ್ಮೆ ಘೋರವಾದ ಬೆಲೆಯನ್ನೇ ತೆತ್ತಿತು. ಆದರೂ ಆ ವಿಸ್ಮೃತಿ ಇನ್ನೂ ಕಳೆದಿಲ್ಲ.

ಸಾಲ್ಸೆಟ್ ದ್ವೀಪದ ದಕ್ಷಿಣದ ಅಂಚಿನಲ್ಲಿ, ಸಮುದ್ರದ ಉಬ್ಬರವಿಳಿತಗಳಿಗೆ ತೆರೆದಿದ್ದ ಜವುಗುನೆಲದ ಮಗ್ಗುಲಲ್ಲಿ ಹಬ್ಬಿದ್ದ ಈ ಗ್ರಾಮವನ್ನು ಮುಂಬಯಿ ದ್ವೀಪದೊಡನೆ ಬೆಸೆದದ್ದು, ಗವರ್ನರ್ ಜೊನಾಥನ್ ಡಂಕನ್ನನ ಕಾಲದಲ್ಲಿ 1798ರಲ್ಲಿ ಆರಂಭವಾಗಿ 1805ರಲ್ಲಿ ಮುಗಿದ ಸಾಯನ್ ಕಾಸ್‌ವೇ. ತರುವಾಯ 1853ರ ಏಪ್ರಿಲ್ 16ರಂದು, 14 ಡಬ್ಬಿಗಳಲ್ಲಿ ಸುಮಾರು 400 ಮಂದಿ ಅತಿಥಿಗಳನ್ನು ಹೊತ್ತ ರೈಲುಗಾಡಿ ಬೋರಿಬಂದರಿನಿಂದ ಠಾಣೆಗೆ ಇದೇ ಜವುಗನ್ನು ಹಾದು ಹೋದಾಗ ಗ್ರಾಮದ ಭವಿತವ್ಯವೇ ಬದಲಾಯಿತು. ಜಮ್‌ಸೇಟ್‌ಜಿ ಟಾಟಾ ಅವರು 1886ರಲ್ಲಿ ಇಲ್ಲಿಯ ಧರಮ್‌ಸಿ ಗಿರಣಿಯನ್ನು ಕೊಂಡು ಅದಕ್ಕೆ ಸ್ವದೇಶಿ ಮಿಲ್ ಎಂದು ಹೆಸರಿಟ್ಟರು. ಸ್ವದೇಶಿ ಚಳವಳಿ ಹುಟ್ಟುವುದಕ್ಕೆ ಎರಡು ದಶಕಗಳ ಮೊದಲೇ ನಡೆದ ಈ ನಾಮಕರಣ ನನಗೆ ಅತ್ಯಂತ ಅರ್ಥಪೂರ್ಣವಾಗಿ ತೋರುತ್ತದೆ. ಭಾರತದ ಮೊಟ್ಟಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಹೊರಟು ಬಂದು ತಲುಪಿದುದೂ ಕುರ್ಲಾವನ್ನೇ. ಇಷ್ಟೆಲ್ಲ ಗೌರವಕ್ಕೆ ಪಾತ್ರವಾದ ಊರು ಇಂದು ನಮ್ಮ ಬಾಯಲ್ಲಿ ಕೇವಲ ಗಾಡಿ ಬದಲಾಯಿಸುವ ಠಾವಾಗಿ ಉಳಿದಿದೆ.

ರೈಲಿನ ಕಥೆ ಹೀಗೆ ಕೀರ್ತಿಯದಾದರೆ ನದಿಯ ಕಥೆ ಅವಮಾನದ್ದು. ವಿಹಾರ್ ಮತ್ತು ಪವಾಯಿ ಕೆರೆಗಳ ಕೋಡಿನೀರನ್ನು ತುಂಬಿಕೊಂಡು, ಸುಮಾರು 18 ಕಿಲೋಮೀಟರು ಹರಿದು ಮಾಹಿಮಿನ ಖಾರಿಯನ್ನು ಸೇರುವ ಮೀಠಿಯನ್ನು ನಾವು ವಿಮಾನ ನಿಲ್ದಾಣದ ಓಡುದಾರಿಯ ಅಡಿಯಲ್ಲಿ ನುಸುಳಿಸಿದೆವು; ಕಾರ್ಖಾನೆಗಳ ಕೊಳೆಯನ್ನೂ ವಸತಿಗಳ ಮಲವನ್ನೂ ಅದರ ಒಡಲಿಗೆ ಸುರಿದೆವು; ನೆರೆಯ ನೀರು ಹರಡಿಕೊಳ್ಳುತ್ತಿದ್ದ ಕಾಂಡ್ಲವನಗಳ ಜವುಗನ್ನು ತುಂಬಿ ಬಾಂದ್ರಾ-ಕುರ್ಲಾ ಸಂಕೀರ್ಣದ ಗಾಜಿನ ಸೌಧಗಳನ್ನೆಬ್ಬಿಸಿದೆವು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದು, ಅದೇ ಹೊತ್ತಿಗೆ ಸಮುದ್ರವೂ ಉಬ್ಬಿದಾಗ, ಮುಂದೆ ದಾರಿಯಿಲ್ಲದ ನೀರು ಕುರ್ಲಾದ ಮನೆಗಳನ್ನೇ ಹೊಕ್ಕಿತು. ಆ ಬಳಿಕ ನದಿಗಾಗಿ ಪ್ರತ್ಯೇಕ ಪ್ರಾಧಿಕಾರವೊಂದು ಏರ್ಪಟ್ಟು, ಪಾತ್ರವನ್ನು ಅಗಲಿಸಿ ಆಳಗೊಳಿಸುವ ಕಾರ್ಯ ನಡೆಯಿತು, ಇಕ್ಕೆಲಗಳಲ್ಲಿಯೂ ಗೋಡೆಗಳೆದ್ದವು; ಆದರೆ ನದಿದಡದ ಕ್ರಾಂತಿನಗರದ ಬಡ ಸಂಸಾರಗಳು ಧಾರಾಕಾರ ಮಳೆಯಲ್ಲಿ ಮನೆ ಬಿಟ್ಟೋಡುವುದಾಗಲಿ, ಸಾಯನ್-ಕುರ್ಲಾ ನಡುವಿನ ಹಳಿಗಳು ಮುಳುಗಿ ಲೋಕಲ್ ಗಾಡಿಗಳು ನಿಂತುಹೋಗುವುದಾಗಲಿ ತಪ್ಪಲಿಲ್ಲ.

ಗೋಡೆ ಕಟ್ಟಿ ನದಿಯನ್ನು ಕಾಲುವೆಯಾಗಿಸುವುದರಿಂದ ನೀರು ಬೇಗನೆ ಮುಂದೆ ಸಾಗೀತು ನಿಜ. ಆದರೆ ಉಬ್ಬರದ ವೇಳೆ ಕಡಲು ಬಾಗಿಲಿಕ್ಕಿದಾಗ ಆ ನೀರಿಗೆ ಕ್ಷಣಕಾಲ ತಂಗಲು ನೆಲ ಬೇಕು, ಆ ನೆಲವನ್ನು ಗೋಡೆ ಕೊಡಲಾರದು. ಅಳಿದುಳಿದ ಕಾಂಡ್ಲವನಗಳನ್ನು ಇನ್ನೊಂದು ಅಡಿಯಷ್ಟೂ ತುಂಬದಿರುವುದು, ಕೊಳೆನೀರನ್ನು ಶುದ್ಧಗೊಳಿಸದೆ ನದಿಗೆ ಬಿಡದಿರುವುದು, ದಡದ ನಿವಾಸಿಗಳಿಗೆ ಅವರ ದುಡಿಮೆಯ ಸಮೀಪದಲ್ಲಿಯೇ ಆಸರೆ ಕಲ್ಪಿಸುವುದು, ಇವಿಲ್ಲದೆ ಹೂಳೆತ್ತುವ ಗುತ್ತಿಗೆಗಳಿಗೆ ವರ್ಷವರ್ಷವೂ ಹಣ ಸುರಿಯುವುದು ವ್ಯರ್ಥವೆಂದೇ ನನ್ನ ದೃಢವಾದ ಅಭಿಪ್ರಾಯ.

ಈ ಮಾತನ್ನು ಕನ್ನಡಿಗರ ಮುಂದಿಡಲು ಕಾರಣವುಂಟು. ಬಂಟರ ಭವನವಿರುವುದು ಕುರ್ಲಾದಲ್ಲಿ. ನಮ್ಮ ಎಷ್ಟೋ ಮದುವೆಗಳು, ನಾಟಕಗಳು, ಯಕ್ಷಗಾನಗಳು ನಡೆಯುವುದು ಈ ಊರಿನ ಆಶ್ರಯದಲ್ಲಿ. ಗಿರಣಿಯ ಭೋಂಗಾದ ಕೂಗು ಕೇಳಿದ, ನದಿಯ ಹಳೆಯ ರೂಪವನ್ನು ಕಂಡ ವೃದ್ಧರ ನೆನಪುಗಳನ್ನು ಅವರಿರುವಾಗಲೇ ಬರೆದಿಡಿರಿ. ಮತ್ತು ಮೀಠಿಯ ಉಳಿದ ಜವುಗುನೆಲವನ್ನು ಮುಟ್ಟಕೂಡದೆಂಬ ಆಗ್ರಹವನ್ನು, ಬರುವ ಮಳೆಗಾಲಕ್ಕೆ ಮೊದಲು, ಮಹಾನಗರಪಾಲಿಕೆಯ ಮುಂದಿಡಿರಿ ಎಂದು ಇಲ್ಲಿಯ ಕನ್ನಡ ಸಂಘಗಳಲ್ಲಿ ನನ್ನ ವಿನಂತಿ.